ಅಚ್ಚಿನ ಹಾಳೆಯೂ ಜಾಲದ ವಾರ್ತೆಯೂ

ಹೊಸತು ಬಂದೊಡನೆ ಹಳತು ಅಳಿಯುವುದೆಂಬ ನಂಬಿಕೆಯು ಲೋಕದಲ್ಲಿ ಸಾಮಾನ್ಯವಾದುದು. ಕನ್ನಡ ವೃತ್ತಪತ್ರಿಕೆಗಳ ಚರಿತ್ರೆಯು ಈ ನಂಬಿಕೆಗೆ ಆಧಾರವನ್ನು ಕೊಡುವುದಿಲ್ಲ.

1843ನೆಯ ಇಸವಿಯ ಜುಲೈ ತಿಂಗಳಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ “ಮಂಗಳೂರ ಸಮಾಚಾರ”ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದು ಪಕ್ಷಕ್ಕೊಮ್ಮೆ ಬರುತ್ತಿದ್ದಿತು; ಮರುವರ್ಷ ಬಳ್ಳಾರಿಗೆ ಹೋಗಿ “ಕನ್ನಡ ಸಮಾಚಾರ”ವೆಂಬ ಹೆಸರನ್ನು ತಾಳಿತು. ಹದಿನೈದು ದಿನ ಕಳೆದ ಸುದ್ದಿಯೂ ಅಂದು ಹೊಸ ಸುದ್ದಿಯೇ. ಬಳಿಕ ತಂತಿ ಬಂದಿತು. ಪತ್ರಿಕೆಯು ಅದನ್ನು ತನ್ನ ದೂತನನ್ನಾಗಿ ಮಾಡಿಕೊಂಡಿತು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ತೆರೆದರು. ಅದಾದ ಹದಿಮೂರು ವರ್ಷಗಳ ಮೇಲೆ, 1948ರಲ್ಲಿ, ಬೆಂಗಳೂರಿನಲ್ಲಿ “ಪ್ರಜಾವಾಣಿ”ಯು ಹುಟ್ಟಿತು. ಕಿವಿಗೆ ಬಿದ್ದುದನ್ನು ಕಣ್ಣಿನಿಂದ ಕಂಡು ದೃಢಪಡಿಸಿಕೊಳ್ಳಬೇಕೆಂಬ ಬಯಕೆಯನ್ನು ಬಾನುಲಿಯು ಅಳಿಸಲಿಲ್ಲ.

1995ರ ಆಗಸ್ಟ್ 15ರಂದು ಭಾರತದಲ್ಲಿ ಅಂತರಜಾಲವು ಸಾರ್ವಜನಿಕರಿಗೆ ದೊರೆಯಿತು. ಮದರಾಸಿನ “ದಿ ಹಿಂದೂ” ಪತ್ರಿಕೆಯು ಅದೇ ವರ್ಷ ಜಾಲವನ್ನು ಹೊಕ್ಕಿತು. ಕನ್ನಡಕ್ಕಾದರೋ ಲಿಪಿಯ ತೊಡಕಿದ್ದಿತು. ತಾಣಕ್ಕೊಂದು ಅಕ್ಷರಸಂಕೇತವಿದ್ದುದರಿಂದ, ಒಬ್ಬರ ಬರೆಹವು ಇನ್ನೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಗೀರುಗಳಾಗಿ ತೋರುತ್ತಿದ್ದಿತು. ಯೂನಿಕೋಡ್ ಸಂಕೇತವು ಬಳಕೆಗೆ ಬಂದ ಮೇಲೆಯೇ ಕನ್ನಡದ ವಾರ್ತೆಯು ತಡೆಯಿಲ್ಲದೆ ಹರಿಯಿತು.

ಇಂದು ಬಹುಮಟ್ಟಿಗೆ ಒಂದೇ ಕಾರ್ಯಾಲಯದಿಂದ ಎರಡೂ ಹೊರಡುತ್ತಿವೆ. ವೇಗವು ಜಾಲದ್ದು, ನಿಲುಗಡೆಯು ಅಚ್ಚಿನದು. ಜಾಲದ ಬರೆಹವನ್ನು ಸದ್ದಿಲ್ಲದೆ ತಿದ್ದಿಬಿಡಬಹುದು. ಅಚ್ಚಾದ ತಪ್ಪಾದರೋ ಹಾಳೆಯ ಮೇಲೆಯೇ ಉಳಿಯುವುದು. 1867ರ ಶಾಸನವು ಪತ್ರಿಕೆಯ ಮೇಲೆ ಮುದ್ರಕ ಪ್ರಕಾಶಕರ ಹೆಸರಿರಬೇಕೆಂದು ವಿಧಿಸಿದ್ದಿತು. ಸರಕಾರದ ಕಣ್ಗಾವಲಿಗೆ ಒದಗಿದ ಆ ವಿಧಿಯೇ ಓದುಗನಿಗೆ ಹೊಣೆಗಾರನು ಯಾರೆಂಬುದನ್ನು ತೋರಿಸಿಕೊಟ್ಟಿತು. ಇತ್ತ ಜಾಲದ ಉಪಕಾರವೂ ಸಣ್ಣದಲ್ಲ. 2020ರ ಮಹಾಮಾರಿಯ ಕಾಲದಲ್ಲಿ ಹಾಳೆ ಹಂಚುವ ಕೆಲಸವು ಹಲವೆಡೆ ನಿಂತಾಗ, ಪತ್ರಿಕೆಯನ್ನು ಓದುಗನಿಗೆ ಮುಟ್ಟಿಸಿದುದು ಜಾಲವೇ.

ಆದರೆ ಈ ಸಹವಾಸದಲ್ಲಿ ಒಂದು ಆತಂಕವಿದೆ. ಪತ್ರಿಕೆಯನ್ನು ಸಾಕುತ್ತಿದ್ದ ಜಾಹೀರಾತಿನ ಹಣದ ದೊಡ್ಡ ಪಾಲು ಈಗ ಶೋಧಯಂತ್ರಗಳ ಒಡೆಯರ ಕಡೆಗೆ ಹರಿಯುತ್ತಿದೆ. ಲಂಡನ್ನಿನ “ಇಂಡಿಪೆಂಡೆಂಟ್” ಪತ್ರಿಕೆಯು 2016ರಲ್ಲಿ ಅಚ್ಚನ್ನೇ ನಿಲ್ಲಿಸಿ ಜಾಲವನ್ನು ನೆಚ್ಚಿಕೊಂಡಿತು. ತಾಲ್ಲೂಕಿನ ಕಚೇರಿ, ನ್ಯಾಯಸ್ಥಾನ, ಸಂತೆಗಳಿಗೆ ಅಲೆದು ಸುದ್ದಿಯನ್ನು ತರುವವನಿಗೆ ಸಂಬಳ ಕೊಡುವವರು ಯಾರು? ಬಿಟ್ಟಿಯಾಗಿ ಓದುವವನೂ ಆ ದುಡಿಮೆಯ ಫಲವನ್ನೇ ಉಣ್ಣುತ್ತಿದ್ದಾನೆ. ಹಾಳೆಯೋ ಜಾಲವೋ ಎಂಬುದು ಕಾಲುವೆಯ ಮಾತು. ಕೆರೆಯು ಬತ್ತದಂತೆ ನೋಡಿಕೊಳ್ಳುವುದು ಓದುಗರ ಹೊಣೆಯೂ ಆಗಿದೆ.