ಗ್ಲುಟೆನ್ ಒಗ್ಗದ ಮಗುವಿನ ಊಟದ ಡಬ್ಬಿ: ಗೋಧಿ ಬಿಟ್ಟರೆ ಸಾಕೇ?

ಮಗುವಿಗೆ ಗ್ಲುಟೆನ್ ಒಗ್ಗುವುದಿಲ್ಲ ಎಂದು ಗೊತ್ತಾದಾಗ ಕೆಲವು ಪೋಷಕರು ಶಾಲೆಯ ಡಬ್ಬಿಗೆ ಇನ್ನೇನು ಹಾಕುವುದು ಎಂದು ಗಾಬರಿಯಾಗುತ್ತಾರೆ. ಇನ್ನು ಕೆಲವರು, "ನಾವು ಅನ್ನ, ರಾಗಿ ತಿನ್ನುವವರು, ಚಪಾತಿ ಬಿಟ್ಟರಾಯಿತು" ಎಂದು ನಿರಾಳರಾಗುತ್ತಾರೆ. ನಮ್ಮ ಅಡುಗೆಯಲ್ಲಿ ಗ್ಲುಟೆನ್ ಇಲ್ಲದ ತಿಂಡಿಗಳು ಬೇಕಾದಷ್ಟಿವೆ ಎಂಬುದು ನಿಜ. ಆದರೆ ಗ್ಲುಟೆನ್ ಇಂಗಿನ ಡಬ್ಬಿಯಿಂದ, ಹಿಟ್ಟಿನ ಗಿರಣಿಯಿಂದ, ಪಕ್ಕದ ಬೆಂಚಿನ ಬಿಸ್ಕತ್ತಿನಿಂದಲೂ ಮಗುವಿನ ಹೊಟ್ಟೆ ಸೇರಬಹುದು.

ಗ್ಲುಟೆನ್ ಎಂದರೇನು?

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಒಂದು ಬಗೆಯ ಪ್ರೋಟೀನುಗಳಿಗೆ ಗ್ಲುಟೆನ್ ಎನ್ನುತ್ತಾರೆ. ಚಪಾತಿ ಹಿಟ್ಟು ಹರಿಯದೆ ಹಿಗ್ಗುವುದು, ಬ್ರೆಡ್ ಉಬ್ಬಿ ನಿಲ್ಲುವುದು ಇದರಿಂದಲೇ. ಹೆಚ್ಚಿನವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಹಾಗಾಗಿ ಎಲ್ಲರೂ ಗ್ಲುಟೆನ್ ಬಿಟ್ಟರೆ ಆರೋಗ್ಯ ಸುಧಾರಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಒಗ್ಗದಿರುವುದರಲ್ಲಿ ಮೂರು ಬಗೆಗಳಿವೆ:

- ಸೀಲಿಯಾಕ್ ಕಾಯಿಲೆ: ಗ್ಲುಟೆನ್ ಒಳಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ. ಆಹಾರ ಹೀರುವ ಬೆರಳಿನಾಕಾರದ ಪುಟ್ಟ ಚಾಚುಗಳು ಸವೆಯುತ್ತವೆ. ಭೇದಿ, ಹೊಟ್ಟೆಯುಬ್ಬರ, ತೂಕ ಮತ್ತು ಎತ್ತರ ಏರದಿರುವುದು, ಕಬ್ಬಿಣದ ಔಷಧಿಗೂ ಬಗ್ಗದ ರಕ್ತಹೀನತೆ ಇದರ ಲಕ್ಷಣಗಳು. ಇದು ಜೀವನಪೂರ್ತಿ ಇರುತ್ತದೆ.
- ಗೋಧಿ ಅಲರ್ಜಿ: ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ದದ್ದು, ವಾಂತಿ, ಉಸಿರಾಟದ ತೊಂದರೆ ಬರಬಹುದು. ಕೆಲವೊಮ್ಮೆ ಪ್ರಾಣಾಪಾಯವೂ ಆದೀತು. ಹಲವು ಮಕ್ಕಳಲ್ಲಿ ಬೆಳೆಯುತ್ತಾ ಇದು ಹೋಗುತ್ತದೆ.
- ಸೀಲಿಯಾಕ್ ಅಲ್ಲದ ಗ್ಲುಟೆನ್ ಸೂಕ್ಷ್ಮತೆ: ತಿಂದರೆ ಕಿರಿಕಿರಿ ಉಂಟು, ಆದರೆ ಕರುಳಿಗೆ ಆ ಬಗೆಯ ಹಾನಿ ಕಾಣುವುದಿಲ್ಲ.

ಮೊದಲು ಪರೀಕ್ಷೆ, ಆಮೇಲೆ ಪಥ್ಯ

ಅನುಮಾನ ಬಂದ ಕೂಡಲೇ ಗೋಧಿ ನಿಲ್ಲಿಸಿ ನೋಡುವುದು ಸಾಮಾನ್ಯ. ಇದು ಬೇಡ. ಸೀಲಿಯಾಕ್ ಪತ್ತೆಗೆ ಮಾಡುವ ರಕ್ತಪರೀಕ್ಷೆ ನಿರ್ದಿಷ್ಟ ಪ್ರತಿಕಾಯಗಳನ್ನು ಹುಡುಕುತ್ತದೆ. ಗ್ಲುಟೆನ್ ನಿಲ್ಲಿಸಿದರೆ ಅವು ಕ್ರಮೇಣ ಕಡಿಮೆಯಾಗಿ, ಕಾಯಿಲೆ ಇದ್ದರೂ ಫಲಿತಾಂಶ ಸರಿಯಿದೆ ಎಂದೇ ಬರಬಹುದು. ಕರುಳಿನ ಬಯಾಪ್ಸಿಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಗೋಧಿ ತಿಂದ ತಕ್ಷಣ ಅಲರ್ಜಿಯ ಲಕ್ಷಣ ಬಂದಿದ್ದರೆ ಮತ್ತೆ ಕೊಟ್ಟು ನೋಡದೆ ಕೂಡಲೇ ವೈದ್ಯರನ್ನು ಕಾಣಿ.

ದಕ್ಷಿಣ ಭಾರತದಲ್ಲಿ ಸೀಲಿಯಾಕ್ ವಿರಳ. 2016ರಲ್ಲಿ ಪ್ರಕಟವಾದ ದೇಶದ ದೊಡ್ಡ ಅಧ್ಯಯನವೊಂದು ಸೀಲಿಯಾಕ್‌ನ ಪ್ರತಿಕಾಯಗಳಿರುವ ವಯಸ್ಕರ ಪ್ರಮಾಣ ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಎಂದು ಕಂಡುಕೊಂಡಿತು. ವಿರಳ ಎಂಬ ಕಾರಣಕ್ಕೇ ಇಲ್ಲಿ ಇದರ ಗುರುತು ತಡವಾಗುವ ಸಾಧ್ಯತೆ ಹೆಚ್ಚು. ಮಗು ಬೆಳೆಯುತ್ತಿಲ್ಲ ಎನಿಸಿದರೆ ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

"ಸ್ವಲ್ಪ ತಿಂದರೆ ಏನಾಗುತ್ತದೆ?"

ಅಜ್ಜಿಯಿಂದ ಹಿಡಿದು ನೆರೆಯವರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ಸೀಲಿಯಾಕ್ ಇರುವವರಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೊಟ್ಟೆ ಸೇರಿದರೂ ಕರುಳಿಗೆ ಹಾನಿಯಾಗಬಹುದು. ಒಂದು ಸಾಧಾರಣ ಚಪಾತಿಯಲ್ಲಿ ಸುಮಾರು 2 ಗ್ರಾಂ, ಅಂದರೆ 2,000 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಹಾಗಾದರೆ ಚಪಾತಿಯ ನಲವತ್ತನೆಯ ಒಂದು ಪಾಲು, ಒಂದು ಪುಟ್ಟ ಚೂರು, ದಿನವೂ ಸೇರಿದರೆ ಸಾಕು. ಹೊಟ್ಟೆನೋವು ಬರಲಿಲ್ಲ ಎಂದ ಮಾತ್ರಕ್ಕೆ ಹಾನಿಯಾಗಿಲ್ಲ ಎಂದಲ್ಲ. ಸ್ವಲ್ಪಸ್ವಲ್ಪ ಕೊಟ್ಟು ರೂಢಿ ಮಾಡಿಸುವುದೂ ಸಾಧ್ಯವಿಲ್ಲ. ಬೇಯಿಸಿದರೆ, ಕರಿದರೆ ಗ್ಲುಟೆನ್ ನಾಶವಾಗುವುದಿಲ್ಲ.

ಯಾವುದು ಸುರಕ್ಷಿತ, ಯಾವುದು ಅಲ್ಲ?

ಅಕ್ಕಿ, ಅವಲಕ್ಕಿ, ಮಂಡಕ್ಕಿ, ರಾಗಿ, ಜೋಳ, ಮೆಕ್ಕೆಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಸಬ್ಬಕ್ಕಿ, ಎಲ್ಲ ಬೇಳೆಕಾಳು, ಗೆಣಸು, ಆಲೂಗಡ್ಡೆ, ಮೊಟ್ಟೆ, ಹಾಲು, ಹಣ್ಣು, ತರಕಾರಿಗಳಲ್ಲಿ ಸಹಜವಾಗಿ ಗ್ಲುಟೆನ್ ಇಲ್ಲ.

ಗೋಧಿಗೆ ನಮ್ಮಲ್ಲಿ ಹಲವು ಹೆಸರುಗಳಿವೆ. ಮೈದಾ, ಬಾಂಬೆ ರವೆ, ಚಿರೋಟಿ ರವೆ, ಬನ್ಸಿ ರವೆ, ಸಾಮಾನ್ಯ ಶ್ಯಾವಿಗೆ ಎಲ್ಲವೂ ಗೋಧಿಯೇ. ಅಕ್ಕಿ ರವೆ ಮತ್ತು ಅಕ್ಕಿ ಶ್ಯಾವಿಗೆ ಬೇರೆ, ಅವನ್ನು ಬಳಸಬಹುದು. ಕಪ್ಲಿ ಗೋಧಿ ಸಾಂಪ್ರದಾಯಿಕ ತಳಿಯಾದರೂ ಅದರಲ್ಲಿ ಗ್ಲುಟೆನ್ ಇದೆ. ಓಟ್ಸ್‌ಗೆ ಗೋಧಿ ಬೆರೆತಿರುವ ಸಂಭವ ಹೆಚ್ಚು, ವೈದ್ಯರ ಸಲಹೆಯಿಲ್ಲದೆ ಕೊಡಬೇಡಿ.

ಗ್ಲುಟೆನ್ ಅಡಗಿರುವ ಜಾಗಗಳು

- ಇಂಗು: ಅಂಗಡಿಯ ಪುಡಿ ಇಂಗು ಶುದ್ಧ ಇಂಗಲ್ಲ. ಅದಕ್ಕೆ ಗೋಂದು ಮತ್ತು ಹಿಟ್ಟು ಸೇರಿಸಿರುತ್ತಾರೆ, ಅನೇಕ ಬಾರಿ ಅದು ಗೋಧಿ ಹಿಟ್ಟು. ಚಿಟಿಕೆಯಲ್ಲಿ ಬರುವುದು ಅಲ್ಪವೇ, ಆದರೆ ಸಾರು, ಚಿತ್ರಾನ್ನ, ಉಪ್ಪಿನಕಾಯಿ ಎಂದು ದಿನವಿಡೀ ಸೇರುತ್ತದೆ. ಅಕ್ಕಿ ಹಿಟ್ಟು ಬಳಸಿದ ಇಂಗು ಸಿಗುತ್ತದೆ.
- ಕುರುಕಲು ತಿಂಡಿ: ಮದ್ದೂರು ವಡೆಯಲ್ಲಿ ಮೈದಾ, ರವೆ ಇರುತ್ತವೆ. ಕೋಡುಬಳೆ, ನಿಪ್ಪಟ್ಟಿಗೂ ಹಲವರು ಇವನ್ನು ಸೇರಿಸುತ್ತಾರೆ. "ರಾಗಿ ಬಿಸ್ಕತ್ತು" ಎಂದು ದೊಡ್ಡದಾಗಿ ಬರೆದ ಪೊಟ್ಟಣದಲ್ಲೂ ಮೈದಾ ಇರುವುದುಂಟು.
- ಮಾಲ್ಟ್: ಮೊಳಕೆ ಕಟ್ಟಿದ ರಾಗಿಯಿಂದ ಮನೆಯಲ್ಲಿ ಮಾಡುವ ರಾಗಿ ಮಾಲ್ಟ್ ಸುರಕ್ಷಿತ. ಹಾಲಿಗೆ ಬೆರೆಸುವ ಅಂಗಡಿಯ ಪುಡಿಗಳಲ್ಲಿ ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ.
- ಸೋಯಾ ಸಾಸ್: ಇದರ ತಯಾರಿಯಲ್ಲಿ ಗೋಧಿ ಬಳಸುವುದು ಸಾಮಾನ್ಯ.
- ಹಿಟ್ಟಿನ ಗಿರಣಿ: ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಗೋಧಿ ಹಿಟ್ಟು ಬೆರೆಯುತ್ತದೆ. ಧಾನ್ಯವನ್ನು ಆರಿಸಿ, ತೊಳೆದು, ಒಣಗಿಸಿ ಮಿಕ್ಸಿಯಲ್ಲಿ ಪುಡಿ ಮಾಡಿ, ಇಲ್ಲವೇ ಗ್ಲುಟೆನ್ ಮುಕ್ತ ಎಂದು ಗುರುತು ಮಾಡಿದ ಹಿಟ್ಟು ಕೊಳ್ಳಿ. ಒಂದು ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇಲ್ಲದ ಆಹಾರಕ್ಕೆ ಮಾತ್ರ ಆ ಗುರುತು ಹಾಕಬಹುದು.
- ಅಡುಗೆಮನೆ: ಚಪಾತಿ ಮಣೆ, ಮರದ ಸೌಟು, ಪೂರಿ ಕರಿದ ಎಣ್ಣೆ, ಬ್ರೆಡ್ ಚೂರು ಬಿದ್ದ ಬೆಣ್ಣೆ ಡಬ್ಬಿ ಇವೆಲ್ಲ ಗ್ಲುಟೆನ್ ದಾಟಿಸುತ್ತವೆ. ಮಗುವಿಗೆ ಬೇರೆ ತವಾ, ಬೇರೆ ಮಣೆ ಇರಲಿ. ಮಗುವಿನ ಅಡುಗೆ ಮೊದಲು ಮಾಡಿ, ಚಪಾತಿ ಆಮೇಲೆ.

ಡಬ್ಬಿಗೆ ಏನು?

ಇಡ್ಲಿ, ದೋಸೆ, ನೀರುದೋಸೆ, ಪಡ್ಡು, ಅವಲಕ್ಕಿ ಒಗ್ಗರಣೆ, ನಿಂಬೆ ಚಿತ್ರಾನ್ನ, ತರಕಾರಿ ಪಲಾವ್, ಸಬ್ಬಕ್ಕಿ ಉಪ್ಪಿಟ್ಟು, ಅಕ್ಕಿ ತರಿ ಉಪ್ಪಿಟ್ಟು, ಹೆಸರುಬೇಳೆ ದೋಸೆ ಹೀಗೆ ಪಟ್ಟಿ ಉದ್ದವಿದೆ. ಮನೆಯಲ್ಲೇ ರುಬ್ಬಿದ ಹಿಟ್ಟಾದರೆ ಒಳ್ಳೆಯದು. ಹೋಟೆಲಿನಲ್ಲಿ ದೋಸೆ ಗರಿಗರಿಯಾಗಲು ರವೆ ಅಥವಾ ಮೈದಾ ಸೇರಿಸುವುದುಂಟು. ಸಣ್ಣ ಬಿಡುವಿಗೆ ಶೇಂಗಾ ಚಿಕ್ಕಿ, ಹುರಿಗಡಲೆ, ಬಾಳೆಹಣ್ಣು, ಬೇಯಿಸಿದ ಗೆಣಸು, ಮನೆಯಲ್ಲಿ ಮಾಡಿದ ರಾಗಿ ಉಂಡೆ ಕೊಡಬಹುದು.

ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗುತ್ತದೆ ಎಂಬುದು ಸಾಮಾನ್ಯ ದೂರು. ಗ್ಲುಟೆನ್ ಇಲ್ಲದ ಹಿಟ್ಟನ್ನು ಹಿಡಿದಿಡುವುದು ಬೆಂದ ಪಿಷ್ಟ. ಅದಕ್ಕೇ ಜೋಳದ ರೊಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾರೆ. ತಣ್ಣಗಾದಾಗ ಅದೇ ಪಿಷ್ಟ ಬಿಗಿಯುತ್ತದೆ. ಅಕ್ಕಿ ರೊಟ್ಟಿ ಹಿಟ್ಟಿಗೆ ಸೌತೆಕಾಯಿ ಅಥವಾ ಕ್ಯಾರೆಟ್ ತುರಿ, ಸ್ವಲ್ಪ ಅನ್ನ ಸೇರಿಸಿ ಬಿಸಿನೀರಿನಲ್ಲಿ ಕಲಸಿ, ಎಣ್ಣೆ ಹಾಕಿ ಬೇಯಿಸಿ, ಬಟ್ಟೆಯಲ್ಲಿ ಸುತ್ತಿಟ್ಟರೆ ಹೆಚ್ಚು ಹೊತ್ತು ಮೆತ್ತಗಿರುತ್ತದೆ.

ದಿನವೂ ಬಿಳಿ ಅನ್ನವೇ ಆಗಬಾರದು, ಅದರಲ್ಲಿ ನಾರು ಮತ್ತು ಕಬ್ಬಿಣ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯ ಬದಲಿಸುತ್ತಾ, ಕಾಳು ಅಥವಾ ಮೊಟ್ಟೆ ಜೊತೆಗಿಡಿ. ಕರುಳು ಇನ್ನೂ ಚೇತರಿಸಿಕೊಳ್ಳುತ್ತಿರುವ ಕೆಲವು ಮಕ್ಕಳಿಗೆ ಹಾಲು ತಾತ್ಕಾಲಿಕವಾಗಿ ಜೀರ್ಣವಾಗದಿರಬಹುದು, ವೈದ್ಯರಿಗೆ ತಿಳಿಸಿ.

ಶಾಲೆಯಲ್ಲಿ

ಡಬ್ಬಿ ಎಷ್ಟೇ ಸುರಕ್ಷಿತವಿದ್ದರೂ ಮಕ್ಕಳು ಹಂಚಿಕೊಂಡು ತಿನ್ನುತ್ತಾರೆ. ತರಗತಿಯ ಶಿಕ್ಷಕರಿಗೆ ವೈದ್ಯರ ಚೀಟಿಯ ಪ್ರತಿ, ಕೊಡಬಾರದ ತಿಂಡಿಗಳ ಪುಟ್ಟ ಪಟ್ಟಿ ಕೊಡಿ. ಹುಟ್ಟುಹಬ್ಬದ ಕೇಕ್ ಬಂದ ದಿನ ಮಗು ಬರಿಗೈಯಲ್ಲಿ ಕೂರದಂತೆ, ಅದಕ್ಕಿಷ್ಟವಾದ ಸಿಹಿಯ ಒಂದು ಪೊಟ್ಟಣ ಶಿಕ್ಷಕರ ಬಳಿ ಇರಲಿ. ಬಿಸಿಯೂಟ ಮಾಡುವ ಮಗುವಾದರೆ ಅನ್ನ ಸರಿ, ಆದರೆ ಸಾಂಬಾರಿನ ಇಂಗು ಮತ್ತು ಪುಡಿ, ಉಪ್ಪಿಟ್ಟಿನ ದಿನಗಳ ಬಗ್ಗೆ ಅಡುಗೆಯವರೊಂದಿಗೆ ಮಾತಾಡಿ. ಪುಟ್ಟ ಮಕ್ಕಳು ಆಡುವ ಬಣ್ಣದ ಹಿಟ್ಟಿನಲ್ಲೂ ಗೋಧಿ ಇರಬಹುದು, ಆಡಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ.

ಮಗುವನ್ನು ಬೇರೆ ಕೂರಿಸಿ ಉಣ್ಣಿಸುವ ಅಗತ್ಯವಿಲ್ಲ, ಈ ಕಾಯಿಲೆ ಅಂಟುವುದೂ ಇಲ್ಲ. "ಇದು ತಿಂದರೆ ನನಗೆ ಹೊಟ್ಟೆ ಕೆಡುತ್ತದೆ, ಬೇಡ" ಎಂದು ಹೇಳಲು ಮನೆಯಲ್ಲೇ ಅಭ್ಯಾಸ ಮಾಡಿಸಿ. ಉಳಿದ ಮಕ್ಕಳ ಡಬ್ಬಿಯಲ್ಲೂ ಇಡ್ಲಿ, ಚಿತ್ರಾನ್ನ ಇದ್ದೇ ಇರುತ್ತವೆ. ಆದ್ದರಿಂದ ನಮ್ಮ ಊರಿನ ಶಾಲೆಯಲ್ಲಿ ಈ ಮಗುವಿನ ಊಟ ಎಲ್ಲರ ಊಟದಂತೆಯೇ ಕಾಣುವುದು ಕಷ್ಟವಲ್ಲ.