ತೀರ್ಥದ ತವರು ದಾಜಿಪುರದ ಕಾಡು

ದಕ್ಷಿಣ ಕಾಶಿಯೆಂದು ಪ್ರಖ್ಯಾತವಾದ ಕೊಲ್ಹಾಪುರಕ್ಕೆ ಶ್ರೀ ಮಹಾಲಕ್ಷ್ಮಿಯ ದರ್ಶನಾರ್ಥ ಬರುವ ಭಕ್ತಾದಿಗಳಿಗೆ ಪಂಚಗಂಗೆಯ ಸ್ನಾನ ಪುಣ್ಯಪ್ರದ. ಶಿಲಾಹಾರ ಅರಸರ ಕಾಲದ ಕನ್ನಡ ಶಾಸನಗಳುಳ್ಳ ಈ ಕ್ಷೇತ್ರದ ಮಹಿಮೆ ಎಲ್ಲರಿಗೂ ತಿಳಿದದ್ದೇ. ಆದರೆ ಆ ಪುಣ್ಯೋದಕ ಎಲ್ಲಿಂದ ಹರಿದುಬರುತ್ತದೆಂದು ವಿಚಾರಿಸುವವರು ವಿರಳ. ಪಂಚಗಂಗೆಗೆ ನೀರುಣಿಸುವ ನದಿಗಳಲ್ಲೊಂದು ಭೋಗಾವತಿ. ಅದರ ತವರು, ನಗರದಿಂದ ಸುಮಾರು 80 ಕಿ.ಮೀ. ದೂರದ ದಾಜಿಪುರದ ಸುತ್ತಲಿನ ಸಹ್ಯಾದ್ರಿಯ ಕಾಡು.

ಸಂಸ್ಥಾನದ ಕಾಲದಲ್ಲಿ ಇದು ಕೊಲ್ಹಾಪುರದ ಮಹಾರಾಜರ ಬೇಟೆಯ ಕಾಡು. ಬೇಟೆಗೆಂದು ಮೀಸಲಿಟ್ಟದ್ದರಿಂದಲೇ ಮರಗಳು ಉಳಿದುಕೊಂಡವೆಂಬುದು ಇತಿಹಾಸದ ವಿಚಿತ್ರ. 1894ರಿಂದ 1922ರವರೆಗೆ ಆಳಿದ ರಾಜರ್ಷಿ ಶಾಹೂ ಮಹಾರಾಜರು ಬರಗಾಲದ ಬವಣೆ ನೀಗಲು ಭೋಗಾವತಿಗೆ ಅಣೆಕಟ್ಟು ಕಟ್ಟಿಸತೊಡಗಿದರು. ತಮ್ಮ ಮಗಳು ರಾಧಾಬಾಯಿಯವರ ಹೆಸರಿನಲ್ಲಿ ರಾಧಾನಗರಿಯನ್ನು ನೆಲೆಗೊಳಿಸಿದರು. ಕೊಲ್ಹಾಪುರ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1958ರಲ್ಲಿ ಬೇಟೆಯ ಕಾಡೇ ಕಾಡುಕೋಣಗಳ ಅಭಯಾರಣ್ಯವಾಯಿತು. 1985ರಲ್ಲಿ ಅದರ ವಿಸ್ತಾರ 351 ಚದರ ಕಿ.ಮೀ.ಗೆ ಏರಿತು. 2012ರಲ್ಲಿ ಪಶ್ಚಿಮ ಘಟ್ಟದ ಇತರ ತಾಣಗಳೊಡನೆ ವಿಶ್ವಪರಂಪರೆಯ ಪಟ್ಟಿಗೂ ಸೇರಿತು.

ಇಲ್ಲಿ ಕಾಲ್ನಡಿಗೆಯಲ್ಲಿ ಸಾಗುವವರಿಗೆ ನೇರಳೆ, ಅಂಜನ, ಅಳಲೆ ಮರಗಳ ನೆರಳು. ಮೇಲೆ ಕೊಂಬೆಯಿಂದ ಕೊಂಬೆಗೆ ನೆಗೆಯುವ ಹೆಗ್ಗಳಿಲು. ಮುಂಜಾವಿನ ಮಂಜಿನಲ್ಲಿ ಬಯಲಿಗಿಳಿಯುವ ಕಾಡುಕೋಣಗಳ ಹಿಂಡಿಗೆ ಬಿಳಿ ಕಾಲುಚೀಲ ತೊಟ್ಟಂತೆ ಕಾಣುವ ಕಾಲುಗಳು. ಕಾಡಿನೊಳಗೆ ಉಗವಾಯಿ ದೇವಿಯ ಗುಡಿಯೂ ಇದೆ. ದೇವರಕಾಡಿನ ಕಡ್ಡಿಯನ್ನೂ ಮುರಿಯಬಾರದೆಂಬ ಕಟ್ಟಳೆಯನ್ನು ಸಹ್ಯಾದ್ರಿಯ ಹಿರಿಯರು ಬಹುಕಾಲ ಪಾಲಿಸಿಕೊಂಡು ಬಂದರು. ಅರಸನ ಅಂಕೆ ಒಂದೆಡೆ, ದೇವಿಯ ಭಯಭಕ್ತಿ ಇನ್ನೊಂದೆಡೆ ಕಾಡನ್ನು ಕಾದವು.

ಇಂದು ಆ ಎರಡೂ ಸಡಿಲಗೊಂಡಿವೆ. ಇತ್ತೀಚಿನ ವರ್ಷಗಳಲ್ಲಿ ಕಾಡುಕೋಣಗಳು ಕೊಲ್ಹಾಪುರದ ಅಂಚಿನ ಹೊಲಗಳವರೆಗೂ ಬಂದದ್ದುಂಟು. ಕಾಡಿನಿಂದ ನಿರ್ಮಲವಾಗಿ ಹೊರಡುವ ನೀರು ಇಚಲಕರಂಜಿ ಮುಟ್ಟುವಷ್ಟರಲ್ಲಿ ಪಟ್ಟಣಗಳ ಕೊಳೆಯನ್ನು ಹೊತ್ತಿರುತ್ತದೆ. ಗಡಹಿಂಗ್ಲಜದ ಜೀವನಾಡಿಯಾದ ಹಿರಣ್ಯಕೇಶಿಯೂ ಅಂಬೋಲಿಯ ಕಾಡಿನ ಮಗಳೇ. ಕಾಡು ಬತ್ತಿದರೆ ಹೊಳೆ ಬತ್ತೀತು, ಹೊಳೆ ಬತ್ತಿದರೆ ಅಭಿಷೇಕಕ್ಕೆ ನೀರೆಲ್ಲಿಯದು?

ಗರ್ಭಗುಡಿಗೆ ಪಾದರಕ್ಷೆ ಬಿಟ್ಟು ಹೋಗುವ ಭಕ್ತರು ಕಾಡಿಗೆ ಗದ್ದಲವನ್ನೂ ಪ್ಲಾಸ್ಟಿಕನ್ನೂ ಬಿಟ್ಟು ಹೋದರೆ, ಅದೂ ತಾಯಿಯ ಸೇವೆಯೇ.