ಯುರಿಸ್ಕೊ

ಆರ್ಕಿಮಿಡೀಸನ ‘ಯುರೇಕಾ’ ನಮಗೆಲ್ಲ ಶಾಲೆಯಿಂದಲೇ ಪರಿಚಿತ. ‘ಯುರಿಸ್ಕೊ’ ಅದೇ ಗ್ರೀಕ್ ಧಾತುವಿನದು. ಯುರೇಕಾ ಎಂದರೆ ‘ಕಂಡುಕೊಂಡೆ’. ಯುರಿಸ್ಕೊ ಎಂದರೆ ‘ಕಂಡುಕೊಳ್ಳುತ್ತೇನೆ’. ಹುಡುಕಾಟ ಇನ್ನೂ ನಡೆದಿದೆ ಎಂಬ ಧ್ವನಿ ಎರಡನೆಯದಕ್ಕಿದೆ.

ಅಮೆರಿಕದ ಡಗ್ಲಸ್ ಲೆನಾಟ್ ತಮ್ಮ ಕಂಪ್ಯೂಟರ್ ಪ್ರೋಗ್ರಾಮಿಗೆ ಇಟ್ಟ ಹೆಸರಿದು. ‘ಟ್ರಾವೆಲರ್’ ಎಂಬ ಆಟದ 1981ರ ಪಂದ್ಯದಲ್ಲಿ ಪ್ರತಿಯೊಬ್ಬರೂ ಲಕ್ಷ ಕೋಟಿ ಕ್ರೆಡಿಟ್‌ಗಳೊಳಗೆ ಒಂದು ಅಂತರಿಕ್ಷ ನೌಕಾಪಡೆ ಕಟ್ಟಬೇಕಿತ್ತು. ಉಳಿದವರು ನಿಜವಾದ ನೌಕಾಸೇನೆಯನ್ನು ನೆನಪಿಸುವ ಹಡಗುಗಳನ್ನು ತಂದರು. ಯುರಿಸ್ಕೊ ಮಾತ್ರ ನಿಯಮಪುಸ್ತಕವನ್ನಷ್ಟೇ ನಂಬಿತು: 96 ಹಡಗು, ಹೆಚ್ಚಿನವು ನಿಧಾನ, ದಪ್ಪ ಕವಚ, ಲೆಕ್ಕವಿಲ್ಲದಷ್ಟು ಸಣ್ಣ ಆಯುಧ. ಗೆದ್ದೂಬಿಟ್ಟಿತು. ಮರುವರ್ಷ ಪಡೆಯ ಚುರುಕುತನಕ್ಕೆ ಬೆಲೆ ಕೊಡುವಂತೆ ನಿಯಮ ಬದಲಾಯಿತು. ಪಡೆಯ ಚುರುಕುತನ ತಗ್ಗದಂತೆ, ಪೆಟ್ಟು ತಿಂದು ಕುಂಟುವ ತನ್ನ ಹಡಗುಗಳನ್ನು ತಾನೇ ನಾಶಮಾಡಿ ಅದು ಮತ್ತೆ ಗೆದ್ದಿತು. ಯಾವ ನಾವಿಕ ಅಂಥ ಪಡೆಯಲ್ಲಿ ದುಡಿಯಲು ಒಪ್ಪಿಯಾನು? ಆ ಹಡಗುಗಳು ಯುದ್ಧಕ್ಕಲ್ಲ, ನಿಯಮಕ್ಕೆ ಹೊಂದಿದವು. ಅಂತರಿಕ್ಷದ ಆಟದಲ್ಲಿ ನನಗೆ ಬೇಕಾದದ್ದು ಯುದ್ಧಕ್ಕೆ ಹೊಂದುವ ಹಡಗು.

ಗೆಲುವಿನಲ್ಲಿ ತಮ್ಮ ಪಾಲು ಶೇ 60, ಯುರಿಸ್ಕೊದ್ದು ಶೇ 40 ಎಂದು ಲೆನಾಟ್ ಹಂಚಿದ್ದರು. ಅನುಭವದ ಅಂದಾಜು ಸೂತ್ರಕ್ಕೆ ಹೇಳುವ ‘ಹ್ಯೂರಿಸ್ಟಿಕ್’ ಕೂಡ ಯುರೇಕಾ, ಯುರಿಸ್ಕೊಗಳ ಮನೆತನದ ಪದ.